570001 ಮುರಿಯುತ್ತಾ? ಪಿನ್‌ಕೋಡ್ ಹಿಡಿದು ದೊಡ್ಡ ಸಂಖ್ಯೆ ಬಿಡಿಸುವ ಬಗೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಬರುವಾಗ ಮೊಬೈಲ್ ಚಾರ್ಜ್ ಮುಗಿದರೆ ನಾನು ಪಿನ್‌ಕೋಡ್ ಬಿಡಿಸುತ್ತಾ ಕೂರುತ್ತೇನೆ. ಮದ್ದೂರು ಬಂತು, 571428. ಮಂಡ್ಯ, 571401. ಶ್ರೀರಂಗಪಟ್ಟಣ, 571438. ಕೊನೆಗೆ ಮೈಸೂರು, 570001. ನೋಡೋಕೆ ನಾಲ್ಕೂ ಒಂದೇ ಮನೆಯ ಮಕ್ಕಳ ಹಾಗಿವೆ. ಬಿಡಿಸಿ ನೋಡಿದರೆ ಒಂದರ ಗುಣ ಇನ್ನೊಂದಕ್ಕಿಲ್ಲ. ಒಂದು ಮದ್ದೂರು ವಡೆಯ ಹಾಗೆ, ಮುಟ್ಟಿದರೆ ಪುಡಿ. ಇನ್ನೊಂದು ಎಷ್ಟು ಗುದ್ದಿದರೂ ಬಿರುಕು ಬಿಡುವುದಿಲ್ಲ.

ಇದರ ಹಿಂದೆ ಯಾರ ಜಾಣತನವೂ ಇಲ್ಲ. ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರ ಸರ್ಕಾರದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತದ ಕವಿಯೂ ಹೌದು. ಮೊದಲ ಅಂಕಿ ವಲಯಕ್ಕೆ, ಎರಡನೆಯದು ಉಪವಲಯಕ್ಕೆ, ಮೂರನೆಯದು ಟಪಾಲು ವಿಂಗಡಿಸುವ ಜಿಲ್ಲೆಗೆ, ಕೊನೆಯ ಮೂರು ಅಂಚೆ ಕಚೇರಿಗೆ. ಕಾಗದ ದಾರಿ ತಪ್ಪದಿರಲಿ ಅಂತ ಮಾಡಿದ ಏರ್ಪಾಡು, ಅಷ್ಟೇ. ಹಾಗಾಗಿ ಮುಂದೆ ಕಾಣುವ ಚಮತ್ಕಾರಗಳೆಲ್ಲ ಆಕಸ್ಮಿಕ. ಆದರೂ ನನಗೆ ಇವು ಇಷ್ಟ.

ಬೇಕಾದ ಸಾಮಾನು ಸ್ವಲ್ಪವೇ. ಕಾಗದ, ಪೆನ್ನು, ಅಂಗಡಿಯಲ್ಲಿ ಇಟ್ಟಿರುತ್ತಾರಲ್ಲ ಅಂಥ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್. ಎಂಟು ಅಂಕಿಯದು ಕೊನೆಯ ಭಾಗದಲ್ಲಿ ಕೈಕೊಡುತ್ತದೆ. ಉದ್ದೇಶ ಒಂದೇ: ಕೊಟ್ಟ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವುದು. ಅದು ಮುರಿಯದಿದ್ದರೆ, ಮುರಿಯುವುದಿಲ್ಲ ಎಂದು ಸಾಬೀತು ಮಾಡುವುದು. ಎರಡನೆಯದೇ ಕಷ್ಟ. ಅದಕ್ಕೇ ಮೈಸೂರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಶುರು ಮಾಡುವ ಮುಂಚೆ: ಎಲ್ಲಿ ನಿಲ್ಲಿಸಬೇಕು

ಸಂಖ್ಯೆಯ ವರ್ಗಮೂಲ ಎಷ್ಟು ಅಂತ ಮೊದಲು ನೋಡಿಕೊಳ್ಳಿ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಒಂದು ಸಂಖ್ಯೆ ಎರಡು ತುಂಡಾದರೆ ಎರಡೂ ತುಂಡು ವರ್ಗಮೂಲಕ್ಕಿಂತ ದೊಡ್ಡದಾಗಿರಲು ಆಗಲ್ಲ, ಅಲ್ವಾ? ಅರ್ಧದವರೆಗೆ ಭಾಗಿಸುತ್ತಾ ಹೋಗುವವರನ್ನು ನೋಡಿದ್ದೇನೆ. 570001ಕ್ಕೆ ಅರ್ಧ ಅಂದರೆ ಎರಡು ಲಕ್ಷದ ಎಂಬತ್ತೈದು ಸಾವಿರ. ವರ್ಗಮೂಲ ಬರೀ 755ರ ಒಳಗೆ.

2 ಮತ್ತು 5 ಕೊನೆಯ ಅಂಕಿಯಲ್ಲೇ ಗೊತ್ತಾಗುತ್ತವೆ. 3 ಮತ್ತು 9ಕ್ಕೆ ಅಂಕಿಗಳನ್ನು ಕೂಡಿ. ಇದು ಶಾಲೆಯಲ್ಲಿ ಕಲಿತದ್ದೇ, ಮುಂದೆ ಹೋಗೋಣ.

ಮೂರು ಮೂರಾಗಿ ಸೀಳಿ

ಶಾಲೆಯಲ್ಲಿ ಇದನ್ನು ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಆರಂಕಿಯ ಸಂಖ್ಯೆಯನ್ನು ನಡುವೆ ಸೀಳಿ. 571438 ಎಂಬುದು 571 ಮತ್ತು 438 ಆಗುತ್ತದೆ. ಈಗ ಎರಡು ಕೆಲಸ: ಒಂದು ಸಲ ಕಳೆಯಿರಿ, ಒಂದು ಸಲ ಕೂಡಿ.

ಕಳೆಯುವುದು ಯಾಕೆ? 1001 ಅಂದರೆ 7×11×13. 571438ನ್ನು 571×1001 − 133 ಎಂದು ಬರೆಯಬಹುದು. 133 ಎಲ್ಲಿಂದ ಬಂತು? 571ರಿಂದ 438 ಕಳೆದದ್ದು. ಆ 133ನ್ನು 7, 11, 13 ಭಾಗಿಸಿದರೆ ಇಡೀ ಸಂಖ್ಯೆಯನ್ನೂ ಭಾಗಿಸುತ್ತವೆ. ಒಂದೇ ಕಳೆಯುವಿಕೆಗೆ ಮೂರು ಪರೀಕ್ಷೆ ಮುಗಿಯಿತು.

ಕೂಡುವುದು ಯಾಕೆ? 999 ಅಂದರೆ 27×37. ಎರಡು ತುಂಡುಗಳನ್ನು ಕೂಡಿದ ಮೊತ್ತವನ್ನು 27 ಅಥವಾ 37 ಭಾಗಿಸಿದರೆ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ.

ಈಗ ರೈಲು ಹತ್ತೋಣ.

ಮದ್ದೂರು

571ರಿಂದ 428 ಕಳೆದರೆ 143. ಅಂದರೆ 11×13. ಕೂಡಿದರೆ 999. ಅಂದರೆ 27×37. ಒಂದು ನಿಮಿಷದೊಳಗೆ ನಾಲ್ಕು ಭಾಜಕ ಕೈಗೆ ಬಂತು. 571428ನ್ನು 11, 13, 27, 37ರಿಂದ ಭಾಗಿಸುತ್ತಾ ಹೋದರೆ ಉಳಿಯುವುದು 4. ಹಾಗಾದರೆ ಮದ್ದೂರು ಅಂದರೆ 2²×3³×11×13×37.

ಕೂಡಿದಾಗ ಸರಿಯಾಗಿ 999 ಬಂದದ್ದು ಸುಮ್ನೆ ಅಲ್ಲ. ಕ್ಯಾಲ್ಕುಲೇಟರಿನಲ್ಲಿ 4ನ್ನು 7ರಿಂದ ಭಾಗಿಸಿ. 0.571428571428 ಎಂದು ಬರುತ್ತದೆ. ಮದ್ದೂರಿನ ಪಿನ್‌ಕೋಡ್ ಮತ್ತೆ ಮತ್ತೆ! ಒಂದನ್ನು ಏಳರಿಂದ ಭಾಗಿಸಿದಾಗ ಬರುವ 142857 ಎಂಬ ಸಂಖ್ಯೆ ಗಣಿತದಲ್ಲಿ ಹೆಸರುವಾಸಿ. ಅದನ್ನು 2ರಿಂದ 6ರವರೆಗೆ ಯಾವುದರಿಂದ ಗುಣಿಸಿದರೂ ಅದೇ ಆರು ಅಂಕಿಗಳು ಚಕ್ರದ ಹಾಗೆ ಸುತ್ತುತ್ತವೆ. ನಾಲ್ಕರಿಂದ ಗುಣಿಸಿದರೆ ಮದ್ದೂರು. ಏಳರಿಂದ ಗುಣಿಸಿದರೆ ಮಾತ್ರ 999999. ಮದ್ದೂರಿನ ಮಿತ್ರರೊಬ್ಬರಿಗೆ ಇದನ್ನು ಹೇಳಿದಾಗ ಅವರು ವಡೆ ಕೊಡಿಸಿದರು. ನನ್ನ ಮಟ್ಟಿಗೆ ಗಣಿತದಿಂದ ಆದ ಮೊದಲ ಸಂಪಾದನೆ ಅದು.

ಒಡೆದ ಮೇಲೆ ಭಾಜಕಗಳು ಒಟ್ಟು ಎಷ್ಟು ಎಂದು ಎಣಿಸಬಹುದು. ಒಂದೊಂದಾಗಿ ಬರೆಯಬೇಡಿ. ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ. ಮದ್ದೂರಿನ ಘಾತಗಳು 2, 3, 1, 1, 1. ಒಂದೊಂದು ಸೇರಿಸಿದರೆ 3×4×2×2×2, ಅಂದರೆ 96. ತೊಂಬತ್ತಾರು ಭಾಜಕ ಎಂದರೆ ಕಡಿಮೆಯಲ್ಲ. ಆದರೆ ಇದೇ ದಾಖಲೆ ಎಂದುಕೊಳ್ಳಬೇಡಿ. ಇದಕ್ಕಿಂತ ಚಿಕ್ಕದಾದ 554400ಕ್ಕೆ 216 ಭಾಜಕಗಳಿವೆ. ತನಗಿಂತ ಚಿಕ್ಕ ಎಲ್ಲಾ ಸಂಖ್ಯೆಗಳಿಗಿಂತ ಜಾಸ್ತಿ ಭಾಜಕ ಇರುವ ಇಂಥ ಸಂಖ್ಯೆಗಳ ಮೇಲೆ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧವನ್ನೇ ಬರೆದರು.

ಮಂಡ್ಯ

571ರಿಂದ 401 ಕಳೆದರೆ 170. 7, 11, 13 ಮೂರೂ ಇಲ್ಲ. ಕೂಡಿದರೆ 972, ಅಂದರೆ 27×36. 27 ಇದೆ, 37 ಇಲ್ಲ. 571401ನ್ನು 27ರಿಂದ ಭಾಗಿಸಿದರೆ 21163.

ಇಲ್ಲಿ ಅವಸರ ಮಾಡಬಾರದು. 21163 ಮುರಿಯುತ್ತದೆಯೋ ಇಲ್ಲವೋ ನೋಡಬೇಕು. ಅದರ ವರ್ಗಮೂಲ 145ರ ಆಸುಪಾಸು. ಅಲ್ಲಿಯವರೆಗೆ 34 ಅವಿಭಾಜ್ಯಗಳಿವೆ. 2, 3, 5, 7, 11, 13, 37 ಆಗಲೇ ಹೋದವು. ಉಳಿದದ್ದು 27 ಭಾಗಾಕಾರ. ಇದಕ್ಕೆ ಒಳದಾರಿ ಇಲ್ಲ, ಮಾಡಿಬಿಡಿ. ನಾನು ಮಾಡಿದ್ದೇನೆ, ಯಾವುದೂ ತಗಲುವುದಿಲ್ಲ. 23 ಹತ್ತಿರ ಬರುತ್ತದೆ (23×920 = 21160), ಮೂರು ಉಳಿಯುತ್ತದೆ. ಹಾಗಾದರೆ 21163 ಅವಿಭಾಜ್ಯ. ಮಂಡ್ಯ 3³×21163, ಎಂಟು ಭಾಜಕ.

ಶ್ರೀರಂಗಪಟ್ಟಣ

133 ಎಂದು ಆಗಲೇ ನೋಡಿದೆವು. 133 ಅಂದರೆ 7×19. ಹಾಗಾದರೆ 7 ಹೋಗುತ್ತದೆ, 11 ಮತ್ತು 13 ಹೋಗುವುದಿಲ್ಲ. 19ರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. 1001ರಲ್ಲಿ 19 ಇಲ್ಲ, ಆದ್ದರಿಂದ ಈ ಪರೀಕ್ಷೆ 19ರ ಬಗ್ಗೆ ಏನೂ ಹೇಳುವುದಿಲ್ಲ.

ಮೊದಲು 2ರಿಂದ ಭಾಗಿಸಿ: 285719. ಏಳರಿಂದ: 40817. ಇಲ್ಲಿ ನಿಲ್ಲಿಸುವವರೇ ಜಾಸ್ತಿ. ಒಂದು ಸಲ ಹೋದ ಭಾಜಕ ಮತ್ತೊಮ್ಮೆ ಹೋಗುತ್ತದಾ ಎಂದು ನೋಡಲೇಬೇಕು. ಮತ್ತೆ ಏಳರಿಂದ: 5831. ಮತ್ತೆ: 833. ಮತ್ತೆ: 119. ಮತ್ತೆ: 17. ಐದು ಸಲ! ಶ್ರೀರಂಗಪಟ್ಟಣ ಅಂದರೆ 2×7⁵×17. ಕೋಟೆಯೊಳಗೆ ಕೋಟೆ ಇದ್ದ ಹಾಗೆ. ಮದ್ದೂರಿನ ಸಂಖ್ಯೆಗೆ ಹತ್ತು ಸೇರಿಸಿದರೆ ಇದು ಬರುತ್ತದೆ. ಆದರೆ ಎರಡಕ್ಕೂ ಸಮಾನವಾದ ಅವಿಭಾಜ್ಯ 2 ಒಂದೇ.

ಮೈಸೂರು: ಉದ್ದದ ದಾರಿ

570 ಮತ್ತು 001. ಕಳೆದರೆ 569, ಕೂಡಿದರೆ 571. ಎರಡರಲ್ಲೂ ಏನೂ ಸಿಗುವುದಿಲ್ಲ. 755ರವರೆಗೆ 133 ಅವಿಭಾಜ್ಯಗಳಿವೆ. 2, 3, 5, 7, 11, 13, 37 ಹೋದವು. 570000 ಅಂದರೆ 19×30000, ಆದ್ದರಿಂದ 19ಕ್ಕೂ ಶೇಷ 1. ಉಳಿದದ್ದು 125 ಭಾಗಾಕಾರ.

ಒಂದು ಮಳೆಗಾಲದ ಭಾನುವಾರ ಕೂತು ಮಾಡಿದೆ. 647ರ ಹತ್ತಿರ ಬಂದಾಗ 647×881 ಗುಣಿಸಿ ಬರೆದುಕೊಂಡೆ. ನನ್ನ ಅಕ್ಷರ ಮೊದಲೇ ಕೆಟ್ಟದ್ದು. ಬರೆದದ್ದನ್ನು 570001 ಎಂದು ಓದಿಕೊಂಡೆ. ಮೈಸೂರು ಮುರಿಯಿತು ಅಂತ ಮನೆಯವರಿಗೆಲ್ಲ ಹೇಳಿದ್ದಾಯಿತು. ನಿಜವಾದ ಉತ್ತರ 570007. ನನ್ನ 7ಕ್ಕೂ 1ಕ್ಕೂ ವ್ಯತ್ಯಾಸ ಇರಲಿಲ್ಲ! ಆಮೇಲಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ, ನೀವೂ ಮಾಡಿಕೊಳ್ಳಿ. ಭಾಜಕ ಸಿಕ್ಕಿತು ಅನ್ನಿಸಿದ ಕೂಡಲೇ ಎರಡೂ ಸಂಖ್ಯೆಗಳ ಕೊನೆಯ ಅಂಕಿಯನ್ನು ಗುಣಿಸಿ ನೋಡಿ. ಏಳೊಂದ್ಲ ಏಳು. ಕೊನೆಗೆ 1 ಬರಲು ಸಾಧ್ಯವೇ ಇರಲಿಲ್ಲ.

125ರಲ್ಲಿ ಯಾವುದೂ ಭಾಗಿಸುವುದಿಲ್ಲ. 570001 ಅವಿಭಾಜ್ಯ. ಆದರೆ ಇಷ್ಟು ಉದ್ದದ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಕಣ್ಣು ತಪ್ಪಿರಬಹುದು ಎಂಬ ಅನುಮಾನ ಹೋಗುವುದಿಲ್ಲ. ಬೇರೆ ದಾರಿಯಿಂದ ಬಂದು ಅದೇ ಊರು ಸಿಕ್ಕರೆ ಮಾತ್ರ ಸಮಾಧಾನ.

ಮೈಸೂರು: ಆಯ್ಲರನ ದಾರಿ

1640ರ ಡಿಸೆಂಬರ್ 25ರಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ತನ್ನ ಮಿತ್ರ ಮರ್ಸೆನ್‌ಗೆ ಒಂದು ಕಾಗದ ಬರೆದ. ನಾಲ್ಕರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವನ್ನೆಲ್ಲ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ ಎಂಬುದು ಅದರ ಸಾರ. 29 ಅಂದರೆ 25+4. ಇದನ್ನು ಸಾಬೀತು ಮಾಡಿದವನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್, ಸುಮಾರು ನೂರು ವರ್ಷ ಆದ ಮೇಲೆ. ಅವನು ಇದನ್ನು ಅವಿಭಾಜ್ಯ ಹಿಡಿಯುವ ಬಲೆಯಾಗಿಯೂ ಬಳಸಿದ.

ಬಲೆ ಹೀಗೆ. ಶೇಷ 1 ಇರುವ ಸಂಖ್ಯೆ ತೆಗೆದುಕೊಳ್ಳಿ. ಎರಡು ವರ್ಗಗಳ ಮೊತ್ತವಾಗಿ ಎಷ್ಟು ರೀತಿ ಬರೆಯಬಹುದು ಎಂದು ಹುಡುಕಿ. ಒಂದೂ ಇಲ್ಲದಿದ್ದರೆ ಅದು ಮುರಿಯುತ್ತದೆ, 21ರ ಹಾಗೆ. ಎರಡು ರೀತಿ ಇದ್ದರೂ ಮುರಿಯುತ್ತದೆ, 65ರ ಹಾಗೆ: 64+1, 49+16. ಸರಿಯಾಗಿ ಒಂದೇ ರೀತಿ ಇದ್ದು, ಆ ಎರಡು ಸಂಖ್ಯೆಗಳಿಗೆ ಸಾಮಾನ್ಯ ಭಾಜಕ ಇಲ್ಲದಿದ್ದರೆ ಅವಿಭಾಜ್ಯ. ಕೊನೆಯ ಷರತ್ತು ಮರೆಯಬೇಡಿ. 45 ಅಂದರೆ 36+9, ಒಂದೇ ರೀತಿ. ಆದರೆ 6ಕ್ಕೂ 3ಕ್ಕೂ ಮೂರು ಸಾಮಾನ್ಯ. 45 ಅವಿಭಾಜ್ಯ ಅಲ್ಲ. ಸೊನ್ನೆಯ ವರ್ಗವನ್ನೂ ಎಣಿಕೆಗೆ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ 25 ಮೋಸ ಮಾಡುತ್ತದೆ.

570001 ನಾಲ್ಕರಿಂದ ಭಾಗಿಸಿದರೆ ಶೇಷ 1. ಸರಿ, ಹುಡುಕೋಣ. ಸುಮ್ಮನೆ ಹುಡುಕಿದರೆ 755 ಸಂಖ್ಯೆ ನೋಡಬೇಕು. ಜರಡಿ ಹಿಡಿದರೆ ಮೂವತ್ತಕ್ಕೆ ಇಳಿಯುತ್ತದೆ.

ಮೊದಲ ಜರಡಿ, ಕೊನೆಯ ಅಂಕಿ. ವರ್ಗಗಳು 0, 1, 4, 5, 6, 9ರಲ್ಲಿ ಮಾತ್ರ ಮುಗಿಯುತ್ತವೆ. ಎರಡು ಸೇರಿ 1ರಲ್ಲಿ ಮುಗಿಯಬೇಕಾದರೆ 0 ಮತ್ತು 1, ಇಲ್ಲವೇ 5 ಮತ್ತು 6. ಎರಡರಲ್ಲೂ ಒಂದು ಸಂಖ್ಯೆ ಐದರ ಮಗ್ಗಿಯಲ್ಲಿದೆ. ಅದರ ವರ್ಗ 25ರ ಮಗ್ಗಿಯಲ್ಲಿ. 570001ಕ್ಕೆ 25ರಿಂದ ಶೇಷ 1. ಹಾಗಾದರೆ ಇನ್ನೊಂದರ ವರ್ಗಕ್ಕೂ ಶೇಷ 1 ಇರಬೇಕು. ಅಂದರೆ ಆ ಸಂಖ್ಯೆಗಿಂತ ಒಂದು ಕಡಿಮೆ, ಒಂದು ಜಾಸ್ತಿ, ಇವೆರಡರ ಗುಣಲಬ್ಧ 25ರಿಂದ ಹೋಗಬೇಕು. ಇವೆರಡರ ನಡುವೆ ಅಂತರ ಬರೀ ಎರಡು, ಆದ್ದರಿಂದ ಐದು ಎರಡರೊಳಗೂ ಇರಲಾರದು. ಒಂದೇ ಪೂರ್ತಿ 25ರ ಮಗ್ಗಿಯಲ್ಲಿರಬೇಕು. ಆದ್ದರಿಂದ ನಾವು ಹುಡುಕುವ ಸಂಖ್ಯೆ 25ರ ಮಗ್ಗಿಯ ಪಕ್ಕದ ಮನೆಯದು: 1, 24, 26, 49, 51, ಹೀಗೆ.

ಎರಡನೇ ಜರಡಿ, 16. 570001ಕ್ಕೆ 16ರಿಂದಲೂ ಶೇಷ 1. ಬೆಸ ಸಂಖ್ಯೆಯ ವರ್ಗಕ್ಕೆ 16ರಿಂದ ಶೇಷ 1 ಅಥವಾ 9. ಸಮ ಸಂಖ್ಯೆಯ ವರ್ಗಕ್ಕೆ 0 ಅಥವಾ 4. ಕೂಡಿದಾಗ 1 ಬರುವುದು 1 ಮತ್ತು 0 ಸೇರಿದರೆ ಮಾತ್ರ. ಆದ್ದರಿಂದ ಸಮ ಸಂಖ್ಯೆ ನಾಲ್ಕರ ಮಗ್ಗಿಯಲ್ಲಿರಬೇಕು, ಬೆಸ ಸಂಖ್ಯೆ ಎಂಟರ ಮಗ್ಗಿಯ ಪಕ್ಕದಲ್ಲಿರಬೇಕು.

ಎರಡೂ ಜರಡಿ ದಾಟುವವು 1, 24, 49, 76, 124, 151, 176, 199. ಆಮೇಲೆ ಇವುಗಳಿಗೆ 200, 400, 600 ಸೇರಿಸುತ್ತಾ ಹೋಗಿ. 755ರವರೆಗೆ ಒಟ್ಟು 30.

ಈಗ ಪ್ರತಿಯೊಂದರ ವರ್ಗವನ್ನು 570001ರಿಂದ ಕಳೆದು 25ರಿಂದ ಭಾಗಿಸಿ. ಬಂದದ್ದು ಪೂರ್ಣ ವರ್ಗವೇ ಎಂದು ನೋಡಿ. ಉತ್ತರ 2, 3, 7, 8ರಲ್ಲಿ ಮುಗಿದರೆ ನೋಡುವುದೇ ಬೇಡ. ಹದಿಮೂರು ಹೀಗೇ ಉದುರುತ್ತವೆ. ಒಂದೇ ಸೊನ್ನೆಯಲ್ಲಿ ಮುಗಿಯುವವು, 5ರಲ್ಲಿ ಮುಗಿದೂ 25ರಲ್ಲಿ ಮುಗಿಯದವು, ಅವೂ ಬೇಡ. ಇನ್ನೂ ನಾಲ್ಕು ಹೋದವು. ಮೊದಲನೆಯ ಸಂಖ್ಯೆ 1 ತೆಗೆದುಕೊಂಡರೆ 22800 ಬರುತ್ತದೆ. 151ರ ವರ್ಗ 22801. ಒಂದರಲ್ಲಿ ತಪ್ಪಿತು! ಉಳಿದ ಹನ್ನೆರಡಕ್ಕೆ ಕ್ಯಾಲ್ಕುಲೇಟರಿನ ವರ್ಗಮೂಲದ ಗುಂಡಿ ಒತ್ತಿ. ಹನ್ನೊಂದು ಬರೀ ದಶಾಂಶ ತೋರಿಸುತ್ತವೆ. 624ಕ್ಕೆ ಮಾತ್ರ 7225 ಬರುತ್ತದೆ. ಅದು 85ರ ವರ್ಗ. ಐದರಿಂದ ಗುಣಿಸಿದರೆ 425.

624×624 = 389376. 425×425 = 180625. ಕೂಡಿದರೆ 570001.

624 ಅಂದರೆ 2⁴×3×13. 425 ಅಂದರೆ 5²×17. ಸಾಮಾನ್ಯ ಭಾಜಕ ಇಲ್ಲ. ಬೇರೆ ರೀತಿಯೂ ಇಲ್ಲ. 570001 ಪೂರ್ಣ ವರ್ಗ ಅಲ್ಲ, ಆದ್ದರಿಂದ ಸೊನ್ನೆಯ ಕಾಟವೂ ಇಲ್ಲ. ಮೈಸೂರು ಮುರಿಯುವುದಿಲ್ಲ. ಭಾನುವಾರ ಪೂರ್ತಿ ತಿಂದ ಕೆಲಸ ಮಂಡ್ಯದಿಂದ ಮೈಸೂರು ಬರುವಷ್ಟರಲ್ಲಿ ಮುಗಿಯುತ್ತದೆ. ಉಳಿದ ಮೂರು ಊರುಗಳನ್ನು ಹೀಗೆ ಬರೆಯಲು ಆಗುವುದೇ ಇಲ್ಲ. 3, 7, 11ರ ಹಾಗೆ ನಾಲ್ಕರಿಂದ ಶೇಷ 3 ಬರುವ ಅವಿಭಾಜ್ಯ ಬೆಸ ಘಾತದಲ್ಲಿ ಇದ್ದರೆ ಎರಡು ವರ್ಗಗಳ ಮೊತ್ತ ಸಿಗುವುದಿಲ್ಲ. ಮದ್ದೂರು, ಮಂಡ್ಯದಲ್ಲಿ 3³ ಇದೆ, ಶ್ರೀರಂಗಪಟ್ಟಣದಲ್ಲಿ 7⁵.

ಎರಡು ರೀತಿ ಸಿಕ್ಕರೆ ತುಂಡು ತೆಗೆಯುವುದು ಹೇಗೆ

ಈ ದಾರಿಯ ನಿಜವಾದ ಮಜಾ ಇಲ್ಲಿದೆ. 65ರಿಂದ ಶುರು ಮಾಡಿ. 8 ಮತ್ತು 1 ಒಂದು ಜೋಡಿ, 4 ಮತ್ತು 7 ಇನ್ನೊಂದು. ಸಮದಿಂದ ಸಮ ಕಳೆಯಿರಿ: 8−4 = 4. ಬೆಸದಿಂದ ಬೆಸ: 7−1 = 6. ಇವೆರಡರ ಸಾಮಾನ್ಯ ಭಾಜಕ 2 ತೆಗೆದುಹಾಕಿ: 2 ಮತ್ತು 3. ವರ್ಗ ಮಾಡಿ ಕೂಡಿ: 4+9 = 13. ಅದು 65ರ ತುಂಡು.

ಇದನ್ನೇ 4294967297ಕ್ಕೆ ಮಾಡಿ. ಎರಡನ್ನು ಮೂವತ್ತೆರಡು ಸಲ ಗುಣಿಸಿ ಒಂದು ಸೇರಿಸಿದರೆ ಬರುವ ಸಂಖ್ಯೆ ಇದು. ಫರ್ಮಾ ಇದನ್ನು ಅವಿಭಾಜ್ಯ ಎಂದೇ ನಂಬಿದ್ದ. 65536ರ ವರ್ಗಕ್ಕೆ 1ರ ವರ್ಗ ಸೇರಿಸಿದರೆ ಇದು ಬರುವುದು ಎಲ್ಲರಿಗೂ ಕಾಣುತ್ತದೆ. ಆದರೆ 62264ರ ವರ್ಗಕ್ಕೆ 20449ರ ವರ್ಗ ಸೇರಿಸಿ ನೋಡಿ. 3876805696 ಮತ್ತು 418161601. ಮೊತ್ತ ಅದೇ!

ಸಮದಿಂದ ಸಮ: 65536−62264 = 3272. ಬೆಸದಿಂದ ಬೆಸ: 20449−1 = 20448. ಸಾಮಾನ್ಯ ಭಾಜಕಗಳಲ್ಲಿ ದೊಡ್ಡದು 8. ಭಾಗಿಸಿದರೆ 409 ಮತ್ತು 2556. ವರ್ಗಗಳು 167281 ಮತ್ತು 6533136. ಕೂಡಿದರೆ 6700417. ಹತ್ತಂಕಿಯ ಸಂಖ್ಯೆಯನ್ನು ಇದರಿಂದ ಭಾಗಿಸಿ, ಸರಿಯಾಗಿ 641 ಬರುತ್ತದೆ. 1732ರಲ್ಲಿ ಆಯ್ಲರ್ ಫರ್ಮಾನ ನಂಬಿಕೆಯನ್ನು ಮುರಿದದ್ದು ಈ 641 ಹಿಡಿದೇ. ಅವನು ಆಗ ಬಂದದ್ದು ಬೇರೆ ದಾರಿಯಿಂದ.

ನಿಮ್ಮ ಪಿನ್‌ಕೋಡ್ ತೆಗೆದುಕೊಂಡು ಕೂರುವ ಮುಂಚೆ ಒಂದು ಮಾತು. ನಾಲ್ಕರಿಂದ ಶೇಷ 3 ಬಂದರೆ ಈ ವರ್ಗಗಳ ದಾರಿ ಹಿಡಿಯಲೇಬೇಡಿ, ಅಲ್ಲಿ ಏನೂ ಸಿಗುವುದಿಲ್ಲ. ಕುವೆಂಪುನಗರದ 570023 ಅಂಥದ್ದು. ಅದಕ್ಕೆ ಹಳೆಯ ಭಾಗಾಕಾರವೇ ಸರಿ. ಮೂರು ಮೂರಾಗಿ ಸೀಳಿದರೆ ಏನೂ ಬರುವುದಿಲ್ಲ. 17, 19, 23, 29, 31 ಒಂದೊಂದಾಗಿ ಮುಂದೆ ಹೋಗಿ. 41 ಬಂದಾಗ ಪೆನ್ನು ಕೆಳಗಿಡಿ. ಉಳಿಯುವ 13903ನ್ನು ಬಿಡಿಸುವುದು ನಿಮ್ಮ ಪಾಲಿಗೆ.